ಅರಳು ಮರಳಿಗೂ ಒಂದು ಚರಿತ್ರೆ ಇದೆ

ಅರವತ್ತಕ್ಕೆ ಅರಳು ಮರಳು ಅನ್ನೋ ಗಾದೆ ಕೇಳದ ಕನ್ನಡಿಗರು ಕಡಿಮೆ. ನಮ್ಮ ಹುಲಿಯೂರುದುರ್ಗದ ಕಡೆ ಅಜ್ಜಿಯೊಬ್ಬರು ಹೆತ್ತ ಮಗನ ಹೆಸರನ್ನೇ ಮರೆತರೂ, ‘ವಯಸ್ಸಾಯ್ತಲ್ಲ, ಬಿಡು’ ಅಂದರೆ ಮಾತು ಮುಗೀತು. ಆಸ್ಪತ್ರೆಯ ಸುದ್ದಿಯೇ ಇಲ್ಲ.

ಆದರೆ ಇಂಥ ಮರೆವು ಬರೀ ವಯಸ್ಸಿನದಲ್ಲ, ಕಾಯಿಲೆಯೂ ಇರಬಹುದು ಅನ್ನೋದನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲೇ ಹೇಳಿದ್ದರು. ಅವರ ರೋಗಿ ಆಸ್ಪತ್ರೆಗೆ ಬಂದಾಗ ಆಕೆಗಿನ್ನೂ 51. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಗುಟ್ಟು ಬಯಲಾಗಿದ್ದು.

ಮೆದುಳೇ ಯಾಕೆ ಬೇಕು, ರಕ್ತ ಸಾಲದಾ? ಕೋಡ್ ಬರೆಯೋ ನನಗೆ ಇದು ಹೀಗೆ ಅರ್ಥವಾಯ್ತು: ಡಿಎನ್‌ಎ ಅಂದರೆ ಬರೆದಿಟ್ಟ ಕೋಡು. ಮೈಯ ಹೆಚ್ಚುಕಮ್ಮಿ ಎಲ್ಲ ಜೀವಕೋಶದಲ್ಲೂ ಅದೇ ಇರುತ್ತೆ, ರಕ್ತದಲ್ಲೂ ಸಿಗುತ್ತೆ. ಅದರಲ್ಲಿ ಈಗ ಯಾವ ಭಾಗ ಓಡ್ತಿದೆ ಅಂತ ತೋರಿಸೋದು ಆರ್‌ಎನ್‌ಎ. ಮೆದುಳಿನ ಕೋಶದಲ್ಲಿ ಏನು ಓಡ್ತಿತ್ತು ಅಂತ ನೇರವಾಗಿ ತಿಳಿಯೋಕೆ ಮೆದುಳೇ ಬೇಕು. ಆರ್‌ಎನ್‌ಎ ಬೇಗ ಕೆಡೋದರಿಂದ, ಸಾವಿನ ನಂತರ ಆದಷ್ಟು ಬೇಗ ತೆಗೆದು ಶೀತಲದಲ್ಲಿ ಇಡಬೇಕು.

ಆ ಕೆಲಸಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮೆದುಳು ಬ್ಯಾಂಕ್ ಶುರುವಾಯ್ತು. ಕಟ್ಟಿ ಬೆಳೆಸಿದವರು ಡಾ. ಎಸ್.ಕೆ. ಶಂಕರ್. ಮನೆಯವರು ಒಪ್ಪಿದರಷ್ಟೇ ಮೆದುಳು ಅಲ್ಲಿಗೆ ಸೇರುತ್ತೆ. ಮನೆಯಲ್ಲಿ ಸಾವಾಗಿರೋ ಹೊತ್ತಲ್ಲಿ ‘ಆಗಲಿ, ತಗೊಳ್ಳಿ’ ಅನ್ನೋದು ಸಣ್ಣ ಮಾತಲ್ಲ.

ಇನ್ನೊಂದು ಕೊರತೆ ಉಳಿದಿತ್ತು. ಅಲ್ಜೈಮರ್ ಬಗ್ಗೆ ನಡೆದ ಜೀನ್ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರ ಮೇಲೆ ನಡೆದವು. ರಾಗಿಮುದ್ದೆ ಉಂಡು ಬೆಳೆದ ನಮ್ಮವರ ಲೆಕ್ಕ ಎಲ್ಲಿ? ಅದಕ್ಕೆ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋಯ್ತು. ಮಾವಿನ ತೋಟಗಳ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ, ಇನ್ನೂ ಮರೆವಿನ ಕಾಯಿಲೆ ಇಲ್ಲದ 10,000 ಜನರನ್ನು ವರ್ಷಗಟ್ಟಲೆ ಗಮನಿಸೋ ಗುರಿ ಅದರದ್ದು. ರಕ್ತ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಇದರಲ್ಲಿವೆ. ಇದೇ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ, ದೇಶದ 10,000 ಜನರ ಜೀನೋಮ್ ಓದಲು ಹೊರಟಿತು. 2025ರ ಜನವರಿಯಲ್ಲಿ ಅದರ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿತು.

ಅಲ್ಜೈಮರನ್ನು ಗುಣ ಮಾಡೋ ಔಷಧಿ ಇನ್ನೂ ಇಲ್ಲ, ನಿಜ. ಆದರೆ ಎಲ್ಲ ಮರೆವೂ ಅಲ್ಜೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಬುದ್ಧಿ ಮಂಕಾಗುತ್ತೆ, ಅದಕ್ಕೆ ಚಿಕಿತ್ಸೆ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಿದ್ದರೆ ಗಾದೆ ಹೇಳಿ ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ.