ಕಾರಿನೊಳಗೆ ಓಡುವ 'ಬಸ್'

'ಬಸ್' ಎಂಬ ಪದದ ಮೂಲ ಲ್ಯಾಟಿನ್ನಿನ 'ಆಮ್ನಿಬಸ್'. ಎಲ್ಲರಿಗಾಗಿ ಎಂಬುದು ಅದರ ಅರ್ಥ. ರಸ್ತೆಯ ಬಸ್ಸು ಜನರನ್ನು ಹೊತ್ತರೆ, ಕಾರಿನೊಳಗಿನ ಇನ್ನೊಂದು 'ಬಸ್' ಸಂದೇಶಗಳನ್ನು ಹೊರುತ್ತದೆ. ಅದನ್ನು ಆಲಿಸುವ ಹಕ್ಕು ಯಾರದು ಎಂಬ ವಾದ ಇಂದಿಗೂ ಮುಗಿದಿಲ್ಲ.

ಕಾರುಗಳಲ್ಲಿ ಇಲೆಕ್ಟ್ರಾನಿಕ್ ಉಪಕರಣಗಳು ಹೆಚ್ಚಿದಂತೆ ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆಯಬೇಕಾಯಿತು. ಈ ಗೋಜಲಿಗೆ ಪರಿಹಾರವಾಗಿ ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಆರಂಭಿಸಿ, 1986ರಲ್ಲಿ ಡೆಟ್ರಾಯಿಟ್‌ನಲ್ಲಿ 'ಕ್ಯಾನ್' ವ್ಯವಸ್ಥೆಯನ್ನು ಪ್ರಕಟಿಸಿತು. 1987ರಲ್ಲಿ ಇಂಟೆಲ್ ಅದಕ್ಕೆ ಬೇಕಾದ ಚಿಪ್ ತಯಾರಿಸಿತು. 1993ರಲ್ಲಿ ಕ್ಯಾನ್ ಅಂತರರಾಷ್ಟ್ರೀಯ ಮಾನಕವಾಯಿತು.

ಒಂದಕ್ಕೊಂದು ಹೆಣೆದ ಎರಡೇ ತಂತಿ. ಒಂದು ಘಟಕ ನುಡಿದದ್ದು ಎಲ್ಲಕ್ಕೂ ಕೇಳಿಸುತ್ತದೆ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ, ಜೊತೆಗೆ ಹೆಚ್ಚೆಂದರೆ 8 ಬೈಟ್ ಮಾಹಿತಿ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯವನ ಮಾತು ಮುಂದುವರಿಯುತ್ತದೆ. ಮತ್ತೊಬ್ಬ ಸುಮ್ಮನಾಗಿ ಸರದಿ ಕಾಯುತ್ತಾನೆ. ಆದರೆ ಮಾತನಾಡಿದವರು ಯಾರೆಂದು ಕೇಳುವ ಏರ್ಪಾಡು ಇದರಲ್ಲಿರಲಿಲ್ಲ. ಕಾರು ಹೊರಜಗತ್ತಿನೊಡನೆ ಸಂಪರ್ಕವಿಲ್ಲದ ಯಂತ್ರವಾಗಿದ್ದ ಕಾಲವದು.

ಕೇಳಿಸಿದರೂ ಅರ್ಥ ಮಾತ್ರ ತಯಾರಕರ ಗುಟ್ಟು. ಅಮೆರಿಕದ ಹೊಗೆ ನಿಯಂತ್ರಣ ನಿಯಮಗಳು ಈ ಗುಟ್ಟನ್ನು ಸ್ವಲ್ಪ ಸಡಿಲಿಸಿದವು. 1996ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ಎಲ್ಲಕ್ಕೂ ಒಂದೇ ಬಗೆಯ ತಪಾಸಣಾ ಕಿಂಡಿ ಕಡ್ಡಾಯವಾಯಿತು. 2008ರಿಂದ ಅದು ಕ್ಯಾನ್ ಮೂಲಕವೇ ಉತ್ತರಿಸಬೇಕಾಯಿತು. ಎಂಜಿನ್ನಿನ ವೇಗ ಕೇಳಿದರೆ ಎರಡು ಸಂಖ್ಯೆ ಬರುತ್ತವೆ. ಅವು 12 ಮತ್ತು 128 ಎಂದಿರಲಿ. 12ನ್ನು 256ರಿಂದ ಗುಣಿಸಿ, 128 ಕೂಡಿಸಿ, 4ರಿಂದ ಭಾಗಿಸಿದರೆ ನಿಮಿಷಕ್ಕೆ 800 ಸುತ್ತು ಎಂದು ತಿಳಿಯುತ್ತದೆ.

ಕಿಟಕಿ, ಬಾಗಿಲು, ದೀಪಗಳ ಭಾಷೆಗೆ ಇಂಥ ಬಹಿರಂಗ ಸೂತ್ರವಿಲ್ಲ. ಅಲ್ಲಿ ನೆರವಾದದ್ದು ಮುಕ್ತ ತಂತ್ರಾಂಶ. ಫೋಕ್ಸ್‌ವ್ಯಾಗನ್ ಸಂಶೋಧಕರು ರೂಪಿಸಿದ 'ಸಾಕೆಟ್‌ಕ್ಯಾನ್' 2008ರಲ್ಲಿ ಲಿನಕ್ಸ್‌ನ ತಿರುಳಿಗೆ ಸೇರಿತು. 'ಕ್ಯಾನ್‌ಡಂಪ್' ಸಂದೇಶಗಳನ್ನು ದಾಖಲಿಸುತ್ತದೆ. 'ಕ್ಯಾನ್‌ಸ್ನಿಫರ್' ಬದಲಾದ ಬೈಟ್‌ಗಳನ್ನು ಎತ್ತಿ ತೋರಿಸುತ್ತದೆ. ನಿಂತ ಕಾರಿನ ಬಾಗಿಲಿಗೆ ಬೀಗ ಹಾಕಿ ತೆಗೆದು, ಪ್ರತಿ ಸಲವೂ ಬದಲಾಗುವ ಬೈಟ್ ಯಾವುದೆಂದು ಹುಡುಕುವುದು ಇಲ್ಲಿನ ಕ್ರಮ. ಗೊತ್ತಿಲ್ಲದ ಲಿಪಿಯನ್ನು ಓದುವವರೂ ಹೀಗೆಯೇ ಮರುಕಳಿಸುವ ಗುರುತುಗಳಿಂದ ಆರಂಭಿಸುತ್ತಾರೆ.

ಆದರೆ ಓದಬಲ್ಲವರು ಬರೆಯಲೂ ಬಲ್ಲರು. ಕಳ್ಳ ಸಂದೇಶ ಕಳಿಸಿ ಬ್ರೇಕನ್ನೇ ನಿಷ್ಕ್ರಿಯಗೊಳಿಸಬಹುದೆಂದು 2010ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿದರು. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ದೂರದಿಂದಲೇ ಒಂದು ಜೀಪನ್ನು ಹತೋಟಿಗೆ ತಂದಾಗ, ತಯಾರಕರು ಸುಮಾರು 14 ಲಕ್ಷ ವಾಹನಗಳನ್ನು ದುರಸ್ತಿಗೆ ಕರೆಯಬೇಕಾಯಿತು.

ಹಾಗಾದರೆ ಭಾಷೆಯನ್ನು ಮುಚ್ಚಿಡುವುದೇ ಸುರಕ್ಷಿತವೇ? ದೋಷ ಬಯಲಾದದ್ದೇ ಅದನ್ನು ಬಿಡಿಸಿ ಓದಿದವರಿಂದ. ಮುಚ್ಚಿಟ್ಟರೆ ಸಣ್ಣ ಗ್ಯಾರೇಜಿನವರ ಕೈ ಕಟ್ಟಿದಂತೆ, ಕಳ್ಳನ ಕೈಯನ್ನಲ್ಲ. ಬೇಕಾಗಿರುವುದು ಸಂದೇಶ ಕಳಿಸಿದವರ ಗುರುತು ಕೇಳುವ ವ್ಯವಸ್ಥೆಯೇ ಹೊರತು, ಕೇಳುವವರ ಕಿವಿ ಮುಚ್ಚುವುದಲ್ಲ.