ವಿದ್ಯಾಯಾತ್ರೆಯೂ ದ್ರವ್ಯಸಹಾಯವೂ

ಕಳೆದ ವೈಶಾಖಮಾಸದ ಒಂದು ಸಾಯಂಕಾಲ ಚಂದಕವಾಡಿಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ಹಿಂದೆ ನನ್ನ ಬಳಿ ಸಂಸ್ಕೃತವನ್ನು ಓದಿದ್ದ ಹುಡುಗಿಯೊಬ್ಬಳು ಬಂದು ನಮಸ್ಕರಿಸಿದಳು. ಆಕೆಯ ತಂದೆ ಅರಿಸಿನ ಬೆಳೆಯುವ ಸಾಮಾನ್ಯ ರೈತನು. ಆಕೆ ಈಗ ಮೈಸೂರಿನಲ್ಲಿ ಪಿಎಚ್.ಡಿ. ಪದವಿಗಾಗಿ ನಮ್ಮ ಸೀಮೆಯ ಚರಿತ್ರೆಯನ್ನು ಸಂಶೋಧಿಸುತ್ತಿರುವಳು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಾಲಿನ್ ಮೆಕೆಂಜಿಯೆಂಬ ಸೇನಾಧಿಕಾರಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡು, ದೇಶೀಯ ಸಹಾಯಕರ ಮೂಲಕ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದ ಸಂಗತಿಯನ್ನು ವಾಚಕರು ಬಲ್ಲರು. ಆ ಸಂಗ್ರಹದ ಒಂದು ಪಾಲು ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದೆ. ನಕ್ಷೆಗಳೂ ಚಿತ್ರಗಳೂ ಮತ್ತೆ ಅನೇಕ ಪತ್ರಗಳೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಚೆನ್ನೈಯಲ್ಲಿರುವುದನ್ನು ಆಕೆ ನೋಡಿ ಮುಗಿಸಿದ್ದಳು. "ಮೇಷ್ಟ್ರೇ, ನಮ್ಮ ಸೀಮೆಯ ಕಾಗದ ನೋಡುವುದಕ್ಕೆ ಲಂಡನ್ನಿಗೆ ಹೋಗಬೇಕು. ಮೂರು ತಿಂಗಳಿದ್ದರೆ ಸಾಕು. ಖರ್ಚು ಯಾರನ್ನು ಕೇಳಲಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಪ್ರಶ್ನೆಯು ಹೊಸದಲ್ಲವೆಂದು ತೋರಿತು. ನಮ್ಮವರು ವಿದ್ಯೆಗಾಗಿ ದೂರದೇಶಕ್ಕೆ ಹೋದಾಗ ಅವರ ವೆಚ್ಚವನ್ನು ಯಾರು ವಹಿಸಿದರು, ಪ್ರತಿಯಾಗಿ ಏನನ್ನು ಕೇಳಿದರು, ಅದರಿಂದ ಯಾವ ಫಲ ದೊರೆಯಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಕನ್ನಡ ನಾಡಿನ ವಿದ್ಯಾಯಾತ್ರೆಗಳಲ್ಲಿ ಶಿಲೆಯ ಮೇಲೆ ದಾಖಲಾಗಿ ಉಳಿದ ಅತಿ ಪ್ರಸಿದ್ಧವಾದುದು ಮಯೂರಶರ್ಮನದು. ಶಿಕಾರಿಪುರದ ಸಮೀಪದ ತಾಳಗುಂದದಲ್ಲಿರುವ, ಕುಬ್ಜನೆಂಬ ಕವಿಯು ರಚಿಸಿದ ಐದನೆಯ ಶತಮಾನದ ಸಂಸ್ಕೃತ ಶಾಸನವು ಆ ಕಥೆಯನ್ನು ಹೇಳುತ್ತದೆ. ತನ್ನ ಗುರುವಾದ ವೀರಶರ್ಮನೊಡನೆ ಆತನು ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಪ್ರವೇಶಿಸಿದನು. ಹೋದದ್ದು ಶಾಸ್ತ್ರಾಧ್ಯಯನಕ್ಕೆ. ಆದರೆ ಪಲ್ಲವರ ಕುದುರೆಯ ಸವಾರನೊಬ್ಬನೊಡನೆ ಜಗಳವೊದಗಿ, ಅವಮಾನವನ್ನು ಸಹಿಸದೆ ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದು, ಕಡೆಗೆ ಕದಂಬ ರಾಜ್ಯವನ್ನೇ ಸ್ಥಾಪಿಸಿದನು. ವಿದ್ಯಾರ್ಥಿಯನ್ನು ಪರದೇಶಕ್ಕೆ ಕಳುಹಿಸಿದರೆ ಬೇಡಿದ ಫಲವೇ ಬರುವುದೆಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಹಳೆಯ ದೃಷ್ಟಾಂತ ನಮ್ಮಲ್ಲಿಲ್ಲ.

ಮುಂದಿನ ಶತಮಾನಗಳಲ್ಲಿ ಅರಸರೂ ದಂಡನಾಯಕರೂ ಅಗ್ರಹಾರಗಳಿಗೆ, ಘಟಿಕಾಸ್ಥಾನಗಳಿಗೆ, ಮಠಗಳಿಗೆ ಭೂಮಿಯನ್ನು ಬಿಟ್ಟು ವಿದ್ಯಾರ್ಥಿಗಳಿಗೆ ಅನ್ನವಸ್ತ್ರಗಳನ್ನು ಒದಗಿಸಿದರು. ಆದರೆ ಆ ದಾನವು ಒಂದು ಸ್ಥಳಕ್ಕೆ ಕಟ್ಟುಬಿದ್ದುದು. ಅಲ್ಲಿಗೆ ಬಂದವನಿಗೆ ಊಟವುಂಟು, ಅಲ್ಲಿಂದ ಹೊರಟವನಿಗೆ ದಾರಿಯ ಬುತ್ತಿಯಿಲ್ಲ. ಅದರ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಮಾಚಬಾರದು. ಇನ್ನು ಕಡಲನ್ನು ದಾಟುವ ವಿಷಯದಲ್ಲಿ ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಎಣಿಸಿದೆ. ಅದೇ ಗ್ರಂಥವು ಉತ್ತರದೇಶದವರಲ್ಲಿ ಆ ಆಚಾರವಿರುವುದನ್ನೂ ಹೇಳುತ್ತದೆ. ಎರಡನೆಯ ಮಾತನ್ನು ಮರೆತು ಮೊದಲನೆಯದನ್ನೇ ಹಿಡಿದುಕೊಂಡ ನಮ್ಮ ಹಿರಿಯರು, ವಿಲಾಯತಿಯಿಂದ ಮರಳಿದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದರು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಯೂರೋಪಿಗೆ ಪ್ರಯಾಣ ಮಾಡುವ ಹೊತ್ತಿಗೆ ಈ ಬಿಗಿ ಬಹುಮಟ್ಟಿಗೆ ಸಡಿಲಿತ್ತು.

ಮೈಸೂರು ಸಂಸ್ಥಾನವು ಅದಕ್ಕೂ ಮೊದಲೇ ಈ ದಾರಿಯನ್ನು ಹಿಡಿದಿತ್ತು. ತಿರುವಾಂಕೂರಿನಲ್ಲಿ ಈಳವ ಜಾತಿಯವರೆಂಬ ಕಾರಣದಿಂದ ಉದ್ಯೋಗ ದೊರೆಯದ ಡಾಕ್ಟರ್ ಪಲ್ಪು ಅವರು ಮೈಸೂರಿನ ವೈದ್ಯ ಇಲಾಖೆಯನ್ನು ಸೇರಿ, 1898ರ ಬೆಂಗಳೂರಿನ ಪ್ಲೇಗಿನಲ್ಲಿ ಎದೆಗೆಡದೆ ಸೇವೆ ಮಾಡಿದರು. ಮೈಸೂರು ಸರಕಾರದವರು ಅವರನ್ನು ಉಚ್ಚಶಿಕ್ಷಣಕ್ಕಾಗಿ ಯೂರೋಪಿಗೆ ಕಳುಹಿಸಿಕೊಟ್ಟರು. ಸ್ವಂತ ಊರು ತಿರಸ್ಕರಿಸಿದವರನ್ನು ಪರರ ಸಂಸ್ಥಾನವೊಂದು ಕಡಲಾಚೆಗೆ ಕಳುಹಿಸಿ ಓದಿಸಿತೆಂಬುದು ನಮಗೆ ಹೆಮ್ಮೆಯ ಮಾತು.

1916ನೆಯ ಇಸವಿ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಲ್ಲಿಯ ಪಂಡಿತರು ವಿದೇಶಗಳಲ್ಲಿ ಸಂಶೋಧನೆಯ ಕ್ರಮವನ್ನು ಕಲಿತು ಬರುವ ಪದ್ಧತಿಯೂ ಬೆಳೆಯಿತು. ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಲಂಡನ್ ವಿಶ್ವವಿದ್ಯಾನಿಲಯದ ಡಿ.ಲಿಟ್. ಪದವಿಯನ್ನು ಪಡೆದು ಬಂದು ಮೈಸೂರಿನ ಪುರಾತತ್ತ್ವ ಇಲಾಖೆಯನ್ನು ನಡೆಸಿದರು. ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿಸಿದರು. 1936ರಲ್ಲಿ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಎ. ಎನ್. ನರಸಿಂಹಯ್ಯನವರು ಆರು ಏಳನೆಯ ಶತಮಾನಗಳ ಕನ್ನಡ ಶಾಸನಗಳ ವ್ಯಾಕರಣವನ್ನು ಕುರಿತು ಲಂಡನ್ನಿನಲ್ಲಿ ಪ್ರಬಂಧ ಬರೆದರು. 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅದನ್ನು ಅಚ್ಚು ಮಾಡಿಸಿದರು. ಕಲ್ಲುಗಳು ನಮ್ಮ ಹೊಲಗದ್ದೆಗಳಲ್ಲಿರುವಾಗ ಅವುಗಳ ವ್ಯಾಕರಣವನ್ನರಿಯಲು ಲಂಡನ್ನಿಗೆ ಹೋಗಬೇಕೇ ಎಂದು ಕೆಲವರು ನಗಬಹುದು. ನಾನೂ ಚಿಕ್ಕಂದಿನಲ್ಲಿ ನಕ್ಕವನೇ. ಪಾಣಿನಿಯನ್ನು ಓದಿದ ನಮಗೆ ಶಬ್ದಸಿದ್ಧಿ ಗೊತ್ತು. ಆದರೆ ಒಂದು ಧ್ವನಿಯು ಶತಮಾನದಿಂದ ಶತಮಾನಕ್ಕೆ ಹೇಗೆ ಮಾರ್ಪಡುವುದೆಂಬುದನ್ನು ಅನೇಕ ಭಾಷೆಗಳ ಹೋಲಿಕೆಯಿಂದ ನಿಶ್ಚಯಿಸುವ ಕ್ರಮವು ಅಲ್ಲಿ ಬೆಳೆದಿತ್ತು. ಕಲ್ಲು ಇಲ್ಲಿಯದು, ಒರೆಗಲ್ಲು ಅಲ್ಲಿಯದು.

ಅರಸರ ಬಳಿಕ ವರ್ತಕರು ಮುಂದೆ ಬಂದರು. ಜಮ್ಷೆಟ್ಜಿ ಟಾಟಾ ಅವರು 1892ರಲ್ಲಿ ಭಾರತೀಯರ ವಿದೇಶ ವ್ಯಾಸಂಗಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಮೊದಲು ಪಾರಸಿಗಳಿಗೆ ಮೀಸಲಾಗಿದ್ದ ಅದು ಕೆಲವೇ ವರ್ಷಗಳಲ್ಲಿ ಎಲ್ಲ ಭಾರತೀಯರಿಗೂ ತೆರೆಯಿತು. ಇದರ ವಿಶೇಷವೆಂದರೆ ಕೊಟ್ಟದ್ದು ದಾನವಲ್ಲ, ಸಾಲ. ಓದಿ ಬಂದವನು ದುಡಿದು ತೀರಿಸಿದರೆ ಆ ಹಣವು ಮತ್ತೊಬ್ಬನ ಕೈ ಸೇರುವುದು. ಬಾವಿಯ ನೀರನ್ನು ಸೇದಿದಷ್ಟೂ ಒಸರುವಂತೆ ನಿಧಿಯು ಬತ್ತದೆ ಉಳಿಯುವುದು. ತುಮಕೂರಿನಲ್ಲಿ 1925ರಲ್ಲಿ ಜನಿಸಿದ ರಾಜಾ ರಾಮಣ್ಣನವರು ಈ ನಿಧಿಯ ಸಹಾಯದಿಂದಲೇ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ 1948ರಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು ಅಣುವಿಜ್ಞಾನದಲ್ಲಿ ದೇಶಕ್ಕೆ ಹೆಸರು ತಂದರು.

ದ್ರವ್ಯಸಹಾಯದ ಜೊತೆಗೆ ಬರುವ ಹಂಗನ್ನು ಅರಿಯಬೇಕಾದರೆ ಬರೋಡಾ ಸಂಸ್ಥಾನದ ಒಂದು ವೃತ್ತಾಂತವನ್ನು ನೋಡಬೇಕು. ಅದು ಕನ್ನಡ ನಾಡಿನದಲ್ಲವಾದರೂ ಇಲ್ಲಿಯ ಪ್ರತಿಯೊಂದು ಹಳ್ಳಿಗೂ ಸಂಬಂಧಿಸಿದುದು. 1913ರಲ್ಲಿ ಸಯಾಜಿರಾವ್ ಗಾಯಕವಾಡರು ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷದ ವೇತನವನ್ನು ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಅಲ್ಲಿಂದ 1916ರಲ್ಲಿ ಲಂಡನ್ನಿಗೆ ಹೋದ ಅವರ ವ್ಯಾಸಂಗವು ಅರ್ಧವಾಗಿರುವಾಗಲೇ ವೇತನದ ಅವಧಿ ಮುಗಿಯಿತು, 1917ರಲ್ಲಿ ಹಿಂದಿರುಗಬೇಕಾಯಿತು. ಬೇರೊಂದು ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು ಯುದ್ಧದ ಟಾರ್ಪೆಡೋವಿಗೆ ಸಿಕ್ಕಿ ಸಮುದ್ರದ ಪಾಲಾದವು. ಕರಾರಿನಂತೆ ಬರೋಡೆಗೆ ಹೋದವರಿಗೆ ಆ ಊರಿನಲ್ಲಿ ತಲೆಯಿಡಲು ಒಂದು ಮನೆ ಸಿಕ್ಕಲಿಲ್ಲ. ಮುಂಬಯಿಯಲ್ಲಿ ಅಧ್ಯಾಪಕರಾಗಿ ಕೂಡಿಟ್ಟ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತರೊಬ್ಬರ ಸಾಲ ಇವುಗಳನ್ನು ಒಟ್ಟುಗೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1923ರಲ್ಲಿ ಡಿ.ಎಸ್ಸಿ. ಪದವಿಯನ್ನು ಪೂರೈಸಿದರು. ಗಾಯಕವಾಡರ ಔದಾರ್ಯವು ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಗಂಟೆಯನ್ನು ನೋಡಿ ನಿಂತುಹೋಗುವ ಔದಾರ್ಯವು ವಿದ್ಯಾರ್ಥಿಯನ್ನು ನಡುನೀರಿನಲ್ಲಿ ಬಿಡುತ್ತದೆ.

ಇದಕ್ಕೆ ಪ್ರತಿಯಾಗಿ, ಒಂದು ಸಹಾಯವು ಮುಗಿಯುವಲ್ಲಿ ಇನ್ನೊಂದು ಕೈಹಿಡಿದ ಉದಾಹರಣೆಯೂ ಉಂಟು. ಮೈಸೂರು ಸಂಸ್ಥಾನದ ಮೊದಲ ಪದವೀಧರ ಸ್ತ್ರೀಯರಲ್ಲೊಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು ರಾಜೇಶ್ವರಿಯವರು, ಮುಂದೆ ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದವರು, ಸರಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗೇರಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಸ್ನಾತಕೋತ್ತರ ಪದವಿಯ ಬಳಿಕ ವಾಷಿಂಗ್ಟನ್ನಿನ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ಪ್ರಯೋಗಾಭ್ಯಾಸ ಮಾಡಿದರು. ಅನಂತರ ಏಷ್ಯಾದ ಸ್ತ್ರೀಯರಿಗಾಗಿಯೇ ಮಿಷಿಗನ್ನಿನಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನವು ದೊರೆತುದರಿಂದ ಸಂಶೋಧನೆ ಮುಂದುವರಿದು 1953ರಲ್ಲಿ ಡಾಕ್ಟರೇಟ್ ಲಭಿಸಿತು. ಅದೇ ವರ್ಷ ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸೂಕ್ಷ್ಮತರಂಗಗಳ ಶಾಸ್ತ್ರವನ್ನು ಅಲ್ಲಿ ಬೆಳೆಸಿದರು. ಎರಡನೆಯ ವೇತನವು ಸಿಕ್ಕದಿದ್ದಲ್ಲಿ ಈ ಕಥೆ ಬೇರೆಯಾಗುತ್ತಿತ್ತು.

ಸ್ವಾತಂತ್ರ್ಯಾನಂತರ ಕೊಡುವ ಕೈಗಳು ಹೆಚ್ಚಿದವು. ಎರಡನೆಯ ಮಹಾಯುದ್ಧದಲ್ಲಿ ಉಳಿದ ಸಾಮಗ್ರಿಗಳ ಮಾರಾಟದ ಹಣವನ್ನು ವಿದ್ಯಾವಿನಿಮಯಕ್ಕೆ ವಿನಿಯೋಗಿಸಬೇಕೆಂದು ಅಮೆರಿಕದಲ್ಲಿ 1946ರಲ್ಲಿ ಫುಲ್‌ಬ್ರೈಟ್ ಕಾಯಿದೆಯಾಯಿತು. 1950ನೆಯ ಇಸವಿ ಫೆಬ್ರವರಿಯಲ್ಲಿ ಭಾರತವೂ ಒಪ್ಪಂದಕ್ಕೆ ಬಂದಿತು. ಮೈಸೂರಿನ ಎ. ಕೆ. ರಾಮಾನುಜನ್ನರು 1959ರಲ್ಲಿ ಈ ಸಹಾಯದಿಂದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಕನ್ನಡದ ವ್ಯಾಕರಣವನ್ನೇ ವಿಷಯವಾಗಿಟ್ಟುಕೊಂಡು 1963ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ಲೋಕವು ಅವರನ್ನು ನೆನೆಯುವುದು ವ್ಯಾಕರಣಕ್ಕಾಗಿ ಅಲ್ಲ. ವಚನಗಳನ್ನೂ ಪ್ರಾಚೀನ ತಮಿಳು ಕವಿತೆಗಳನ್ನೂ ಇಂಗ್ಲಿಷಿಗೆ ತಂದುದಕ್ಕಾಗಿ. 1959ರಲ್ಲಿಯೇ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಯೋಜನೆಯೂ ರೂಪುಗೊಂಡಿತು. ಅದನ್ನು ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದ ಯು. ಆರ್. ಅನಂತಮೂರ್ತಿಯವರು ಇಂಗ್ಲಿಷ್ ಕಾದಂಬರಿಗಳನ್ನು ಕುರಿತು ಪ್ರಬಂಧ ಬರೆದು 1966ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿರುವಾಗಲೇ ‘ಸಂಸ್ಕಾರ’ವೆಂಬ ಕನ್ನಡ ಕಾದಂಬರಿಯನ್ನೂ ಬರೆದರು. ವೇತನ ಕೊಟ್ಟವರು ಕೇಳಿದ್ದು ಪ್ರಬಂಧವನ್ನು. ಕನ್ನಡಿಗರಿಗೆ ಸಂದದ್ದು ಕಾದಂಬರಿ. ಮಯೂರಶರ್ಮನ ಕಾಲದ ಮಾತು ಇಲ್ಲಿಯೂ ಸತ್ಯವಾಯಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಕೊಡಗರನ್ನು ಕುರಿತು ಸಂಶೋಧಿಸಿ 1947ರಲ್ಲಿ ಡಿ.ಫಿಲ್. ಪಡೆದಾಗ, ಅಲ್ಲಿಯವರು ಅವರಿಗೆ ಅಧ್ಯಾಪಕ ಪದವಿಯನ್ನು ಕೊಟ್ಟು, ಮೊದಲ ವರ್ಷವನ್ನು ಪಾಠದ ಹೊರೆಯಿಲ್ಲದೆ ಭಾರತದ ಹಳ್ಳಿಯಲ್ಲಿ ಕಳೆಯಲು ಅವಕಾಶವಿತ್ತರು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲಸಿದರು. ಗ್ರಂಥದಲ್ಲಿ ಅದಕ್ಕೆ ‘ರಾಂಪುರ’ವೆಂದು ಹೆಸರಿಟ್ಟಿದ್ದಾರೆ. ವರ್ಷಗಳ ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾಲಯದಲ್ಲಿ ಅತಿಥಿಯಾಗಿದ್ದಾಗ, 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ ಆ ಹಳ್ಳಿಯ ಟಿಪ್ಪಣಿಗಳನ್ನು ಪರಿಷ್ಕರಿಸಿ ಬರೆದ ಮೂರು ಪ್ರತಿಗಳೂ ಭಸ್ಮವಾದವು. ಅವರು ಧೈರ್ಯಗೆಡದೆ ನೆನಪಿನಿಂದಲೇ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಗಿ ಜಗತ್ತಿನಲ್ಲೆಲ್ಲ ಓದಲ್ಪಟ್ಟಿತು. ಟಿಪ್ಪಣಿ ಸುಟ್ಟರೂ ಹಳ್ಳಿಯಲ್ಲಿ ಕಳೆದ ವರ್ಷವು ಸುಡಲಿಲ್ಲ. ಕೊಡತಕ್ಕ ವಸ್ತುಗಳಲ್ಲಿ ಹಣಕ್ಕಿಂತ ಮಿಗಿಲಾದುದು ಕಾಲವೆಂಬುದಕ್ಕೆ ಇದೇ ಸಾಕ್ಷಿ.

ಪ್ರಜಾಸರಕಾರಗಳೂ ಸುಮ್ಮನಿರಲಿಲ್ಲ. ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳ ಸಾಗರೋತ್ತರ ವ್ಯಾಸಂಗಕ್ಕಾಗಿ ಕೇಂದ್ರ ಸರಕಾರದ ಯೋಜನೆಯು 1954-55ರಲ್ಲಿ ಆರಂಭವಾಯಿತು. ಕರ್ನಾಟಕ ಸರಕಾರದ ‘ಪ್ರಬುದ್ಧ’ ಯೋಜನೆಯು 2018ರಲ್ಲಿ ಬಂದಿತು. ಘಟಿಕೆಯ ಬಾಗಿಲಿನ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳು ಇಂದು ಕಡಲಾಚೆಯ ಬಾಗಿಲನ್ನು ಪ್ರವೇಶಿಸುತ್ತಿರುವುದು ಸಂತೋಷದ ವಿಷಯ. ಇವೆಲ್ಲ ಬಹುಮಟ್ಟಿಗೆ ವಿದೇಶದಲ್ಲಿಯೇ ಪದವಿ ಪಡೆಯುವವರಿಗೆ ಸಲ್ಲುವುವು. ಇಲ್ಲಿಯೇ ಸಂಶೋಧನೆ ಮಾಡುತ್ತ, ಒಂದು ಹಸ್ತಪ್ರತಿಯನ್ನೋ ಯಂತ್ರವನ್ನೋ ಗುರುವನ್ನೋ ಕಾಣಲು ಕೆಲವು ತಿಂಗಳು ಹೋಗಬೇಕಾದವರ ಅಗತ್ಯ ಬೇರೆ. ಅಂತಹವರಿಗೆ ಫುಲ್‌ಬ್ರೈಟ್-ನೆಹರು ಯೋಜನೆಯಲ್ಲಿ ಅಮೆರಿಕಕ್ಕೆ ಹೋಗುವ ಅವಕಾಶವುಂಟು. 1916ರಲ್ಲಿ ತೀರಿಕೊಂಡ ಕಲಕತ್ತೆಯ ವರ್ತಕ ಚಾರ್ಲ್ಸ್ ವಾಲೇಸನ ಆಸ್ತಿಯಿಂದ 1981ರಲ್ಲಿ ಏರ್ಪಟ್ಟ ನಿಧಿಯು ಇಂಗ್ಲೆಂಡಿಗೆ ಹೋಗುವ ಅನೇಕ ಭಾರತೀಯರಿಗೆ ಅಲ್ಪಾವಧಿಯ ನೆರವನ್ನು ನೀಡಿತು. ಆದರೆ ಸ್ಥಾನಗಳು ಕೆಲವು, ಬೇಡುವವರು ಬಹಳ. ಎಲ್ಲಿ ಅರ್ಜಿ ಹಾಕಬೇಕೆಂಬುದೇ ಹಳ್ಳಿಯ ಮಕ್ಕಳಿಗೆ ತಡವಾಗಿ ತಿಳಿಯುತ್ತದೆ. ವೇತನ ಮಂಜೂರಾಗುವ ಮೊದಲೇ ಪಾಸ್‌ಪೋರ್ಟು, ವೀಸಾ, ಪರೀಕ್ಷೆಯ ಶುಲ್ಕ ಮುಂತಾದ ಕೈಯ ಖರ್ಚುಗಳು ಎದುರಾಗುತ್ತವೆ. ಅರಿಸಿನದ ಬೆಲೆ ಬಿದ್ದ ವರ್ಷ ರೈತನ ಮನೆಯಲ್ಲಿ ಆ ಸಣ್ಣ ಮೊತ್ತವೇ ಬೆಟ್ಟವಾಗುತ್ತದೆ.

ಈ ಚರಿತ್ರೆಯಿಂದ ನಾನು ಕಲಿತುದು ಇಷ್ಟು. ಕೊಡುವವರು ವಿದ್ಯಾರ್ಥಿಗೆ ಸಾಕಷ್ಟು ಕಾಲವನ್ನು ಕೊಡಬೇಕು. ಹಂಗನ್ನು ಕಡಿಮೆ ಮಾಡಬೇಕು. ಕೇಳಿದ ಫಲವೇ ಬರಲೆಂದು ಹಠ ಹಿಡಿಯಬಾರದು. ಹಾಗೆಂದು ಪಡೆದವರಿಗೆ ಋಣವೇ ಇಲ್ಲವೆಂದಲ್ಲ. ನರಸಿಂಹಯ್ಯನವರ ವ್ಯಾಕರಣವೂ ಶ್ರೀನಿವಾಸರ ಹಳ್ಳಿಯ ಕಥೆಯೂ ಮೊದಲು ಬಂದುದು ಇಂಗ್ಲಿಷಿನಲ್ಲಿ. ಆ ಕಲ್ಲುಗಳ ಊರಿನವರೂ ಆ ಹಳ್ಳಿಯ ಒಕ್ಕಲೂ ಅವುಗಳನ್ನು ಓದುವಂತಿರಲಿಲ್ಲ. ಆ ಋಣವನ್ನು ಕರಾರಿನಿಂದ ವಸೂಲು ಮಾಡಲಾಗದು, ಪ್ರೀತಿಯಿಂದ ಕೇಳಬಹುದು.

ಆದುದರಿಂದ ನಮ್ಮ ಜಿಲ್ಲಾ ಸಂಘದವರಲ್ಲಿ ಒಂದು ವಿಜ್ಞಾಪನೆ. ವಿಮಾನದ ಚೀಟಿಯನ್ನೂ ಲಂಡನ್ನಿನ ವಸತಿಯನ್ನೂ ಕೊಡುವ ಶಕ್ತಿ ನಮಗಿಲ್ಲ. ಆದರೆ ಹೊರಡುವವರ ಮೊದಲ ಖರ್ಚಿಗಾಗಿ, ಟಾಟಾ ಅವರ ಕ್ರಮದಂತೆ ಸಾಲವನ್ನೇ, ಬಡ್ಡಿಯನ್ನು ಮಾತ್ರ ಕೇಳದೆ, ಕೊಡುವ ಒಂದು ಸಣ್ಣ ನಿಧಿಯನ್ನು ಸ್ಥಾಪಿಸಬಹುದು. ಅದಕ್ಕೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೊದಲ ಕಾಣಿಕೆಯಾಗಿ ಒಪ್ಪಿಸುತ್ತೇನೆ. ಪಡೆದವರಲ್ಲಿ ನಾವು ಕೇಳತಕ್ಕದ್ದು ಒಂದೇ: ಮರಳಿ ಬಂದ ಮೇಲೆ ಒಂದು ಸಾಯಂಕಾಲ ತಮ್ಮೂರಿನ ಶಾಲೆಯಲ್ಲಿ ಕುಳಿತು, ಕಂಡು ಬಂದುದನ್ನು ಕನ್ನಡದಲ್ಲಿ ಹೇಳಲಿ.

ಆ ಹುಡುಗಿ ಈಗ ಎರಡು ಕಡೆಗೆ ಅರ್ಜಿ ಹಾಕಿ ಉತ್ತರವನ್ನು ಕಾಯುತ್ತಿರುವಳು. ಇನ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯಿಂದ ಹೊರಟ ಕಾಗದಗಳಲ್ಲಿ ಏನು ಬರೆದಿದೆಯೆಂದು ಕೇಳುವ ಆಸೆ ಆಕೆಯ ತಂದೆಗೂ ಇದೆ, ನನಗೂ ಇದೆ.