ಹತ್ತು ಮಕ್ಕಳ ಲೆಕ್ಕ

ಮಕ್ಕಳ ಹಕ್ಕುಗಳೆಂದೊಡನೆ ಅನೇಕರು 1989ನೆಯ ಇಸವಿಯ ನವೆಂಬರ್ 20ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಒಡಂಬಡಿಕೆಯನ್ನು ನೆನೆಯುವರು. ಭಾರತವು ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಆದರೆ ಗೋನೆಗಂಡ್ಲ, ಆದವಾನಿ, ಆಲೂರುಗಳ ಕಡೆಯ ಕನ್ನಡ ಮಕ್ಕಳ ಮಟ್ಟಿಗೆ ಈ ಚರಿತ್ರೆಯು ಅದಕ್ಕೂ ನಾಲ್ಕು ದಶಕಗಳ ಹಿಂದಿನದು.

1953ನೆಯ ಇಸವಿಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯು ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಸೇರಿದವು. ಊರುಗಳು ಇದ್ದಲ್ಲಿಯೇ ಇದ್ದವು. ಮನೆಯಲ್ಲಿ ಕನ್ನಡವಾಡುತ್ತಿದ್ದ ಮಗು ಮರುದಿನವೂ ಕನ್ನಡವನ್ನೇ ಆಡಿತು. ಆದರೆ ಆ ಭಾಷೆಯಲ್ಲಿ ಕಲಿಯುವುದು ಇನ್ನು ಮುಂದೆ ತೆಲುಗು ರಾಜ್ಯದೊಳಗಿನ ಅಲ್ಪಸಂಖ್ಯಾತರಿಗೆ ದೊರೆಯಬೇಕಾದ ಸೌಕರ್ಯವೆನಿಸಿತು.

ಅಂತಹ ಮಕ್ಕಳಿಗೆ ಆಧಾರವಾವುದು? 1949ರ ಆಗಸ್ಟ್ ತಿಂಗಳಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ನಿರ್ಣಯ ಮಾಡಿತ್ತು. ಒಂದು ಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ 40 ಮಂದಿ ಇಲ್ಲವೆ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ, ಅವರ ಭಾಷೆಯಲ್ಲಿ ಪಾಠ ಹೇಳಲು ಒಬ್ಬ ಉಪಾಧ್ಯಾಯನನ್ನಾದರೂ ನೇಮಿಸಬೇಕು. ಒಳ್ಳೆಯ ನಿರ್ಣಯವೇ. ಆದರೆ ಒಂಬತ್ತು ಮಕ್ಕಳಿದ್ದರೆ? ಹತ್ತನೆಯ ಮಗುವು ಬರದಿದ್ದ ಮಾತ್ರಕ್ಕೆ ಉಳಿದ ಒಂಬತ್ತರ ಹಕ್ಕು ಕರಗುವುದೇ? ಅದರಲ್ಲಿಯೂ ನಮ್ಮದು ಮಳೆ ಕೈಕೊಡುವ ಸೀಮೆ; ಕೂಲಿಗಾಗಿ ಗುಂಟೂರಿನ ಕಡೆಗೆ ಹೊರಡುವ ಸಂಸಾರಗಳು ಮಕ್ಕಳನ್ನೂ ಜೊತೆಯಲ್ಲಿ ಕರೆದೊಯ್ಯುವುವು.

1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ಎಂಬ ಅನುಚ್ಛೇದವನ್ನು ಸೇರಿಸಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ‘ಪ್ರಯತ್ನ’ ಎಂಬ ಪದದ ತೂಕವೆಷ್ಟೆಂಬುದನ್ನು ಗಡಿನಾಡಿನ ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಿಲ್ಲ.

ಭಾಷೆಯ ಪ್ರಶ್ನೆಯನ್ನು ಮಕ್ಕಳ ಹಕ್ಕಿನೊಡನೆ ಏಕೆ ಬೆರೆಸಬೇಕೆಂದು ಕೆಲವರು ಕೇಳಬಹುದು. ಪ್ರಶ್ನೆಯೇ ಅರ್ಥವಾಗದ ಮಗು ಸುಮ್ಮನೆ ನಿಲ್ಲುತ್ತದೆ. ಆ ಮೌನವು ಮೊಂಡುತನವೆಂದೋ ದಡ್ಡತನವೆಂದೋ ಕಾಣುತ್ತದೆ. ಹಿಂದೆ ಅದಕ್ಕೆ ಸಿಗುತ್ತಿದ್ದ ಉತ್ತರವು ಬೆತ್ತ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 29ನೆಯ ಪ್ರಕರಣವು ಮಗುವು ಭಯವಿಲ್ಲದೆ ಕಲಿಯಬೇಕೆಂದೂ, ಬೋಧನಾ ಭಾಷೆಯು ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಾಗಿರಬೇಕೆಂದೂ ಹೇಳುತ್ತದೆ. ಈ ಎರಡು ಮಾತುಗಳು ಒಂದೇ ಪ್ರಕರಣದಲ್ಲಿ ಒಟ್ಟಿಗೆ ಬಂದಿರುವುದು ಯುಕ್ತವೆಂದೇ ನನ್ನ ಭಾವನೆ.

1949ರ ನಿರ್ಣಯದ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಮಗುವಿನ ತಂದೆತಾಯಿ ಅಥವಾ ಪೋಷಕರು ಯಾವುದನ್ನು ಹೇಳುವರೋ ಅದೇ ಅದರ ಮಾತೃಭಾಷೆ. ಆದುದರಿಂದ ಹತ್ತರ ಲೆಕ್ಕವು ಆರಂಭವಾಗುವುದು ತರಗತಿಯಲ್ಲಲ್ಲ, ದಾಖಲಾತಿಯ ಮೇಜಿನ ಬಳಿ. ಅಲ್ಲಿ ತೆಲುಗಿನಲ್ಲಿ ಕೇಳಿದರೆ ತಂದೆಯು ತೆಲುಗಿನಲ್ಲಿಯೇ ಉತ್ತರಿಸುವನು. ಎರಡೂ ಭಾಷೆ ಬಲ್ಲವನಾದ ಅವನಿಗೆ ಅದು ಮರ್ಯಾದೆಯ ಮಾತು. ಪುಸ್ತಕದಲ್ಲಿ ತೆಲುಗೆಂದು ಬರೆಯಲು ಅಷ್ಟೇ ಸಾಕು.